1996ರ ಸಂಯುಕ್ತ ರಂಗ ಮತ್ತು ಹೊರಗಿನ ಬೆಂಬಲದ ಲೆಕ್ಕ

ಎಚ್.ಡಿ. ದೇವೇಗೌಡರು ಪ್ರಧಾನಿಯಾದದ್ದು ಬರೀ ಅದೃಷ್ಟದಿಂದ ಎನ್ನುವವರು ಇಂದಿಗೂ ಇದ್ದಾರೆ. 1996ರ ಲೋಕಸಭೆಯ ಸಂಖ್ಯೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅವರ ಸಂಯುಕ್ತ ರಂಗ ಸರ್ಕಾರ ನಿಂತಿದ್ದು ಹೊರಗಿನ ಬೆಂಬಲದ ಮೇಲೆ, ಅಂದರೆ ಮಂತ್ರಿಮಂಡಲ ಸೇರದೆ ಸದನದಲ್ಲಿ ಮಾತ್ರ ಬೆಂಬಲಿಸುವ ಪಕ್ಷಗಳ ಮೇಲೆ. ಅದು ಹುಟ್ಟಿದ್ದೂ ಲೆಕ್ಕದಿಂದಲೇ, ಬಿದ್ದದ್ದೂ ಲೆಕ್ಕದಿಂದಲೇ.

ಸದನದ ಬಲ 543, ಬಹುಮತಕ್ಕೆ 272. ಬಿಜೆಪಿಗೆ 161 ಸ್ಥಾನ, ಕಾಂಗ್ರೆಸ್ಸಿಗೆ 140. ಅತಿ ದೊಡ್ಡ ಪಕ್ಷವೆಂದು ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅವರು ವಾಜಪೇಯಿಯವರನ್ನು ಕರೆದರು. ಮೇ 16ಕ್ಕೆ ಪ್ರಮಾಣವಚನವೂ ಆಯಿತು. ಆದರೆ ಶಿವಸೇನೆಯ 15, ಸಮತಾ ಪಕ್ಷದ 8, ಅಕಾಲಿ ದಳದ 8, ಹರಿಯಾಣ ವಿಕಾಸ ಪಕ್ಷದ 3 ಎಲ್ಲ ಕೂಡಿಸಿದರೂ 195. ಉಳಿದವರು ಯಾರೂ ಆ ಕಡೆಗೆ ಹೋಗಲಿಲ್ಲ. ಚರ್ಚೆ ನಡೆಯಿತು, ಮತದಾನಕ್ಕೆ ಹೋಗದೆ ಮೇ 28ಕ್ಕೆ ವಾಜಪೇಯಿ ರಾಜೀನಾಮೆ ಕೊಟ್ಟರು.

ಈಗ ಇನ್ನೊಂದು ಬದಿ, ಸಂಯುಕ್ತ ರಂಗವಾಗಿ ಒಂದುಗೂಡಿದ ಪಕ್ಷಗಳನ್ನು ನೋಡಿ. ಜನತಾ ದಳ 46, ಸಿಪಿಎಂ 32, ತಮಿಳು ಮಾನಿಲ ಕಾಂಗ್ರೆಸ್ 20, ಡಿಎಂಕೆ 17, ಸಮಾಜವಾದಿ ಪಕ್ಷ 17, ತೆಲುಗು ದೇಶಂ 16, ಸಿಪಿಐ 12. ಇಷ್ಟಕ್ಕೇ 160. ಸಣ್ಣ ಪಕ್ಷಗಳನ್ನು ಸೇರಿಸಿಕೊಂಡರೂ ಕಾಂಗ್ರೆಸ್ಸಿನ 140 ಇಲ್ಲದೆ 272ರ ಹತ್ತಿರಕ್ಕೂ ಬರುವಂತಿರಲಿಲ್ಲ. ಜನತಾ ದಳದ 46ರಲ್ಲಿ ಬಿಹಾರದ್ದು 22, ಕರ್ನಾಟಕದ 28 ಕ್ಷೇತ್ರಗಳಲ್ಲಿ ಗೆದ್ದದ್ದು 16. ಪ್ರಧಾನಿ ಹುದ್ದೆಯನ್ನು ವಿ.ಪಿ. ಸಿಂಗ್ ಒಲ್ಲೆ ಎಂದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಗೆ ಅವರ ಪಕ್ಷವಾದ ಸಿಪಿಎಂನ ಕೇಂದ್ರ ಸಮಿತಿಯೇ ಒಪ್ಪಿಗೆ ಕೊಡಲಿಲ್ಲ. ಬಿಹಾರದ ಲಾಲು ಪ್ರಸಾದರ ಸುತ್ತ ಮೇವು ಹಗರಣದ ತನಿಖೆ ಶುರುವಾಗಿತ್ತು. ಕರ್ನಾಟಕದಲ್ಲಿ 16 ಸಂಸದರನ್ನು ಗೆಲ್ಲಿಸಿಕೊಟ್ಟ ಮುಖ್ಯಮಂತ್ರಿ ದೇವೇಗೌಡರ ಹೆಸರು ಮೇಲೆ ಬಂದದ್ದರಲ್ಲಿ ಪವಾಡವೇನಿದೆ?

ಜೂನ್ 1ಕ್ಕೆ ಪ್ರಮಾಣವಚನ. ಆಗ ಅವರು ಸಂಸತ್ತಿನ ಸದಸ್ಯರೇ ಅಲ್ಲ. ಸಂವಿಧಾನದ 75(5)ನೇ ವಿಧಿ ಅಂಥವರಿಗೆ ಆರು ತಿಂಗಳ ಅವಕಾಶ ಕೊಡುತ್ತದೆ. ಅಷ್ಟರೊಳಗೆ ಯಾವುದಾದರೊಂದು ಸದನಕ್ಕೆ ಆರಿಸಿ ಬರಬೇಕು, ಇಲ್ಲವಾದರೆ ಹುದ್ದೆ ತಾನಾಗಿ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಅವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಅಂಶವಿದೆ. ಹೊರಗಿನಿಂದ ಬೆಂಬಲ ಕೊಟ್ಟವರಲ್ಲಿ ಮುಖ್ಯರು ಇಬ್ಬರು, ಸಿಪಿಎಂ ಮತ್ತು ಕಾಂಗ್ರೆಸ್, ಆದರೆ ಬೆಂಬಲ ಒಂದೇ ಬಗೆಯದಲ್ಲ. ಸಿಪಿಎಂ ಮಂತ್ರಿಗಿರಿ ಒಲ್ಲೆ ಎಂದರೂ ರಂಗದ ಪಕ್ಷಗಳು ಕೂತು ನಿರ್ಧಾರ ಮಾಡುವ ಸ್ಟೀರಿಂಗ್ ಕಮಿಟಿಯಲ್ಲಿ ಕೂತಿತ್ತು. ಎಲ್ಲ ಪಕ್ಷಗಳೂ ಒಪ್ಪುವ ಕೆಲಸಗಳ ಪಟ್ಟಿ, ಅಂದರೆ ಕನಿಷ್ಠ ಸಮಾನ ಕಾರ್ಯಕ್ರಮ ಬರೆಯುವಾಗ ಅದರ ಕೈಯೂ ಇತ್ತು. ಮುನಿಸು ಬಂದರೆ ಹೇಳಿಕೊಳ್ಳಲು ಅದಕ್ಕೆ ಜಾಗವಿತ್ತು. ಕಾಂಗ್ರೆಸ್ಸಿನದು ಹಾಗಲ್ಲ. ಅದು ಮಂತ್ರಿಮಂಡಲದಲ್ಲೂ ಇಲ್ಲ, ಕಮಿಟಿಯಲ್ಲೂ ಇಲ್ಲ. 140 ಮಂದಿಯ ಬೆಂಬಲಕ್ಕೆ ಆಧಾರ ರಾಷ್ಟ್ರಪತಿಗೆ ಕೊಟ್ಟ ಒಂದು ಪತ್ರ. ಅದನ್ನು ಕೊಟ್ಟಾಗ ಪಕ್ಷದ ಅಧ್ಯಕ್ಷರು ನರಸಿಂಹ ರಾವ್. ಸೆಪ್ಟೆಂಬರಿಗೆ ಆ ಕುರ್ಚಿಗೆ ಸೀತಾರಾಂ ಕೇಸರಿ ಬಂದರು. 1997ರ ಮಾರ್ಚ್ 30ಕ್ಕೆ ಇನ್ನೊಂದು ಪತ್ರ ಹೋಯಿತು, ಬೆಂಬಲ ವಾಪಸ್. ಮೊದಲೇ ತಿಳಿಸಬೇಕು, ಕಾರಣ ಕೊಡಬೇಕು, ರಂಗದವರ ಜತೆ ಕೂತು ಮಾತಾಡಬೇಕು ಎಂಬ ಕಟ್ಟುಪಾಡು ಯಾವ ಕಾಗದದಲ್ಲೂ ಇರಲಿಲ್ಲ. ನನ್ನ ಪ್ರಕಾರ ಆ ಸರ್ಕಾರದ ಬುನಾದಿಯಲ್ಲೇ ಇದ್ದ ಬಿರುಕು ಇದು. ಕೇಸರಿಯವರ ಸ್ವಭಾವವನ್ನು ಬೈದು ಸುಮ್ಮನಾಗುವವರಿಗೆ ಇದು ಕಾಣುವುದಿಲ್ಲ.

ವಿಶ್ವಾಸಮತದ ಬಗೆಗೂ ಒಂದು ತಪ್ಪು ತಿಳಿವಳಿಕೆ ಇದೆ. ಲೋಕಸಭೆಯ ನಿಯಮಗಳಲ್ಲಿ 'ವಿಶ್ವಾಸ ನಿರ್ಣಯ' ಎಂಬ ಪ್ರತ್ಯೇಕ ನಿಯಮವೇ ಇಲ್ಲ. 198ನೇ ನಿಯಮ ಇರುವುದು ಅವಿಶ್ವಾಸಕ್ಕೆ, ಅದಕ್ಕೆ 50 ಸದಸ್ಯರ ಬೆಂಬಲ ಬೇಕು. ಪ್ರಧಾನಿ ತಾವಾಗಿ ವಿಶ್ವಾಸ ಕೋರುವಾಗ 184ನೇ ನಿಯಮದಡಿ ಒಂದು ಸಾಲಿನ ಪ್ರಸ್ತಾವ ತರುತ್ತಾರೆ: ಈ ಸದನ ಮಂತ್ರಿ ಪರಿಷತ್ತಿನಲ್ಲಿ ವಿಶ್ವಾಸ ವ್ಯಕ್ತಪಡಿಸುತ್ತದೆ ಎಂದು. ಗೆಲ್ಲಲು 272 ಬೇಕಿಲ್ಲ, ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಸಾಕು. ಬೆಂಬಲ ವಾಪಸಾದ ಮೇಲೆ 1997ರ ಏಪ್ರಿಲ್ 11ರಂದು ದೇವೇಗೌಡರು ವಿಶ್ವಾಸ ಕೋರಿದಾಗ ಪರವಾಗಿ 158, ವಿರುದ್ಧ 292. ಒಟ್ಟು 450 ಮತ, ಅಂದರೆ 226 ಬಂದಿದ್ದರೆ ಸರ್ಕಾರ ಉಳಿಯುತ್ತಿತ್ತು. ಕೊರತೆ 68. ಕಾಂಗ್ರೆಸ್ ಹೊರನಡೆದು ತಟಸ್ಥವಾಗಿದ್ದರೂ ಸಾಕಿತ್ತೇನೋ, ಆದರೆ ಅದು ಬಿಜೆಪಿಯ ಜತೆ ಒಂದೇ ಬದಿಗೆ ಮತ ಹಾಕಿತು.

ಆ ಹೊತ್ತಿಗೆ ಹಣಕಾಸು ಮಂತ್ರಿ ಚಿದಂಬರಂ ಅವರ ಫೆಬ್ರವರಿ 28ರ ಬಜೆಟ್, ಆದಾಯ ತೆರಿಗೆಯನ್ನು 10, 20, 30 ಶೇಕಡಾಕ್ಕೆ ಇಳಿಸಿದ ಬಜೆಟ್, ಅರ್ಧದಲ್ಲೇ ನಿಂತಿತ್ತು. ಚುನಾವಣೆ ಕಾಂಗ್ರೆಸ್ಸಿಗೂ ಬೇಡವಾಗಿತ್ತು. ಕೇಳಿದ್ದು ನಾಯಕನ ಬದಲಾವಣೆ. ಏಪ್ರಿಲ್ 21ಕ್ಕೆ ಅದೇ ರಂಗದ ಐ.ಕೆ. ಗುಜ್ರಾಲ್ ಪ್ರಮಾಣವಚನ ತೆಗೆದುಕೊಂಡರು. ಬೆಂಬಲದ ಏರ್ಪಾಡು ಮಾತ್ರ ಹಳೆಯದೇ. ರಾಜೀವ್ ಗಾಂಧಿ ಹತ್ಯೆಯ ತನಿಖೆ ನಡೆಸುತ್ತಿದ್ದ ಜೈನ್ ಆಯೋಗದ ಮಧ್ಯಂತರ ವರದಿ ಹೊರಬಿದ್ದ ಮೇಲೆ ಡಿಎಂಕೆ ಮಂತ್ರಿಗಳನ್ನು ಕೈಬಿಡಿ ಎಂದಿತು ಕಾಂಗ್ರೆಸ್. ರಂಗ ಒಪ್ಪಲಿಲ್ಲ. ನವೆಂಬರ್ 28ಕ್ಕೆ ಮತ್ತೊಂದು ಪತ್ರ, ಅಂದೇ ಗುಜ್ರಾಲ್ ರಾಜೀನಾಮೆ.

ಇದಕ್ಕೆ ಹೋಲಿಸಲು ಇನ್ನೊಂದು ಉದಾಹರಣೆ ನೋಡಿ. 2004ರಲ್ಲಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಹೊರಗಿನಿಂದಲೇ ಬೆಂಬಲ ಕೊಟ್ಟವು. ಆಗ ಯುಪಿಎ (ಕಾಂಗ್ರೆಸ್ ನೇತೃತ್ವದ ಮೈತ್ರಿಕೂಟ) ಮತ್ತು ಎಡಪಕ್ಷಗಳ ಸಮನ್ವಯ ಸಮಿತಿಯೊಂದನ್ನು ಮಾಡಿಕೊಂಡಿದ್ದರು. ಜಗಳಗಳೆಲ್ಲ ಮೊದಲು ಅಲ್ಲಿಗೆ ಬರುತ್ತಿದ್ದವು. ಆ ಬೆಂಬಲ ನಾಲ್ಕು ವರ್ಷ ಬಾಳಿತು. ಅಮೆರಿಕದ ಜತೆಗಿನ ಪರಮಾಣು ಒಪ್ಪಂದದ ಮೇಲೆ 2008ರ ಜುಲೈನಲ್ಲಿ ಎಡಪಕ್ಷಗಳು ಹೊರನಡೆದಾಗಲೂ ಸರ್ಕಾರ 275–256ರಲ್ಲಿ ಉಳಿದುಕೊಂಡಿತು.