ಮೂರು ಸಾಲಿಗೆ ನಾನು ಸೇರಿಸಿದ ನಾಲ್ಕನೆಯದು

ಪತ್ರಿಕೆಯೊಂದರ ಜಾಹೀರಾತು ವಿಭಾಗದಲ್ಲಿ ಡಿಟಿಪಿ ಕೆಲಸ ನನ್ನದು. ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ ಬರ್ತವೆ. ಆದರೆ ಜಾಸ್ತಿ ಬರೋದು ಪುಣ್ಯಸ್ಮರಣೆ. ಫೋಟೋ, ಹುಟ್ಟಿದ ದಿನ, ಹೋದ ದಿನ, ಕೆಳಗೆ ಒಂದು ಪದ್ಯ. ಪದ್ಯ ತರೋರು ಕಮ್ಮಿ. ಅದಕ್ಕೇ ನಮ್ಮ ಕಂಪ್ಯೂಟರ್‌ನಲ್ಲಿ ರೆಡಿ ಪದ್ಯಗಳ ಒಂದು ಫೈಲ್ ಇದೆ. ಎಲ್ಲಾ ನಾಲ್ಕೇ ಸಾಲು. ‘ನೆನಪು’ಗೆ ‘ಒನಪು’, ‘ಜ್ಯೋತಿ’ಗೆ ‘ಪ್ರೀತಿ’. ಒಂದೇ ಪುಟದಲ್ಲಿ ಇಬ್ಬರು ತೀರಿಹೋದವರಿಗೆ ಒಂದೇ ಪದ್ಯ ಹಾಕಿದ್ದೂ ಉಂಟು. ಯಾರೂ ಕೇಳಲಿಲ್ಲ.

ಒಂದಿನ ಸಂಜೆ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಗಂಡ ಹೋಗಿ ಒಂದು ವರ್ಷ. ಮೊಮ್ಮಗನ ಕೈಲಿ ನೋಟ್‌ಬುಕ್ ಹಾಳೆಯಲ್ಲಿ ಬರೆಸಿಕೊಂಡು ತಂದಿದ್ದರು:

ಹಾಸಿಗಿ ಹಾಸಿ ನಾ ಮೂಸಂಜೆ ಕುಂತೇನ
ವಾಸನಿ ಹೂವ ಬಾಡ್ಯಾವ – ನನರಾಯ
ಮೋಸವ ಮಾಡಿ ಮಲಗ್ಯಾನ

ನನಗೆ ಅನಿಸಿದ್ದು ಒಂದೇ: ಹುಡುಗ ಒಂದು ಸಾಲು ಬಿಟ್ಟಿದ್ದಾನೆ. ಶಾಲೆಯಲ್ಲಿ ದಿನಕರ ದೇಸಾಯಿಯವರ ಚುಟುಕ ಓದಿದವನು ನಾನು. ಸಣ್ಣ ಪದ್ಯ ಅಂದ್ರೆ ನಾಲ್ಕು ಸಾಲು, ಅಲ್ವಾ? ಡೆಡ್‌ಲೈನ್ ಬೇರೆ ಹತ್ತಿರ. ಫೈಲ್‌ನಿಂದ ‘ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಎತ್ತಿ ಕೊನೆಗೆ ಅಂಟಿಸಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಬಾಡ್ಯಾವ’ ಹೋಗಿ ‘ಬಾಡಿವೆ’ ಆಯಿತು. ಸತ್ತವರಿಗೆ ಮರ್ಯಾದೆ ಇರಲಿ ಅಂತ ‘ಮಲಗ್ಯಾನ’ ಹೋಗಿ ‘ಮಲಗಿದ್ದಾರೆ’ ಆಯಿತು.

ಮರುದಿನ ಬೆಳಿಗ್ಗೆ ಅಜ್ಜಿ ಪೇಪರ್ ಹಿಡಿದು ಮತ್ತೆ ಬಂದರು. ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೇ ಸುಲಭ ಆಗ್ತಿತ್ತು.

“ಯಪ್ಪಾ, ನಾ ಹೇಳಿದ್ದು ಮೂರ ಸಾಲ. ಇದೊಂದು ಎಲ್ಲಿಂದ ಬಂತು?”

ನಾಲ್ಕಿರಬೇಕಲ್ಲ ಅಜ್ಜಿ, ಅಂದೆ.

“ಬೀಸೂವಾಗ ಹಾಡೋ ಪದ ಇದು. ನಡುವಿನ ಸಾಲು ಹೊಳ್ಳಿ ಹಾಡಿದ್ರ ತಾನ ನಾಲ್ಕಾಗತೈತಿ.” ಮೇಜಿನ ಮೇಲೆ ಅಂಗೈ ಇಟ್ಟು ಬೀಸುಕಲ್ಲು ತಿರುಗಿಸೋ ಹಾಗೆ ಒಂದು ಸುತ್ತು ತಿರುಗಿಸಿದರು. “ಮತ್ತ ನನರಾಯ ಅಂದಮ್ಯಾಲ ‘ಅವರು’ ಎಲ್ಲಿಂದ ಬಂದ್ರು?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಪ್ರೂಫ್ ನೋಡುವ ಹಿರಿಯರೊಬ್ಬರು ಲೆಕ್ಕ ಹಾಕಿ ತೋರಿಸಿದರು. ಇದು ತ್ರಿಪದಿ, ಅಂದ್ರೆ ಮೂರು ಸಾಲಿನ ಪದ್ಯ. ಅದಕ್ಕೆ ಒಟ್ಟು 11 ಗಣ, ಅಂದ್ರೆ ಅಳತೆಯ ಅಕ್ಷರಗುಂಪು. ನಾಲ್ಕು, ನಾಲ್ಕು, ಕೊನೆಗೆ ಮೂರು. ಕೊನೆ ಸಾಲು ಗಿಡ್ಡ ಇರೋದು ತಪ್ಪಲ್ಲ, ಅದರ ಕಟ್ಟೇ ಹಾಗೆ. ಸುಮಾರು 700ನೇ ಇಸವಿಯಲ್ಲೇ ಬಾದಾಮಿಯ ಬಂಡೆ ಮೇಲೆ ಕಪ್ಪೆ ಅರಭಟ್ಟ ಅನ್ನೋ ವೀರನ ಬಗ್ಗೆ ತ್ರಿಪದಿ ಕೆತ್ತಿದ್ದಾರೆ. ಸರ್ವಜ್ಞನದೂ ಇದೇ ಅಳತೆ. ಅಷ್ಟು ಹಳೆಯದನ್ನು ನಾನು ಐದು ನಿಮಿಷದಲ್ಲಿ ರಿಪೇರಿ ಮಾಡಲು ಹೋಗಿದ್ದೆ.

ಅಳತೆಗಿಂತ ದೊಡ್ಡ ತಪ್ಪು ಬೇರೆ ಇತ್ತು. ಪದ್ಯದಲ್ಲಿ ‘ಸಾವು’ ಅನ್ನೋ ಮಾತೇ ಇಲ್ಲ. ಹಾಸಿಗೆ, ಮುಸ್ಸಂಜೆ, ಬಾಡಿದ ಹೂವು, ಮಲಗಿದ ಗಂಡ. ಬಾರದ ಗಂಡನ ಮೇಲೆ ಹೆಂಡತಿಯ ಮುನಿಸು ಅಂತಲೇ ಓದಬಹುದು. ಪಕ್ಕದಲ್ಲಿ ಫೋಟೋ ಕಂಡಾಗಲೇ ಆ ನಿದ್ದೆ ಯಾವ ನಿದ್ದೆ ಅಂತ ಹೊಳೆಯೋದು. ನಾನು ‘ಆತ್ಮ’ ಅಂತ ಸೇರಿಸಿ ಗುಟ್ಟು ಒಡೆದಿದ್ದೆ. ಗಂಡನನ್ನು ‘ಅವರು’ ಮಾಡಿ ಅವಳಿಂದ ದೂರ ಕೂರಿಸಿದ್ದೆ.

ಮರುದಿನಕ್ಕೆ ಮತ್ತೆ ಹಾಕಿದೆವು. ದುಡ್ಡು ನನ್ನ ಸಂಬಳದಲ್ಲಿ ಹಿಡಿದರು, ನ್ಯಾಯವೇ. ಈ ಸಲ ಅಜ್ಜಿಯನ್ನು ಸ್ಕ್ರೀನ್ ಮುಂದೆ ಕೂರಿಸಿ ಒಂದೊಂದೇ ಸಾಲು ಓದಿದೆ. ‘ಮಲಗ್ಯಾನ’ ಬಂದಾಗ ಹೂಂ ಅಂದರು.

ಒಂದು ಸಾಲು ತೆಗೆದಿದ್ದರಿಂದ ಕೆಳಗೆ ಅರ್ಧ ಸೆಂಟಿಮೀಟರ್ ಜಾಗ ಖಾಲಿ ಉಳಿಯಿತು. ಒಂದು ಹೂವಿನ ಚಿತ್ರ ಹಾಕಲಾ ಅಂದೆ.

“ಬ್ಯಾಡ. ಹಂಗ ಬಿಡು,” ಅಂದರು.