ಸ್ಲೈಡಿನ ಬಾಲ

ಜುಲೈ ತಿಂಗಳು. ಮಲೆನಾಡಿನಲ್ಲಿ ಮಳೆ ಹಿಡಿದು ಕೂತಿತ್ತು. ಬೆಳಿಗ್ಗೆ ಏಳೂವರೆಗೇ ನಮ್ಮ ಲ್ಯಾಬಿನ ಸ್ಯಾಂಪಲ್ ಕೌಂಟರಿನ ಮುಂದೆ ಕೊಡೆ ಮಡಚಿ ನಿಂತವರ ಸಾಲು, ಅರ್ಧಕ್ಕರ್ಧ ಜ್ವರದವರು. ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಡಿಎಂಎಲ್‌ಟಿ ಓದುತ್ತಿದ್ದ ಆರು ಜನ ಟ್ರೈನಿಗಳಿಗೆ ಅಂದು ರೋಗಿಗಳಿಂದ ರಕ್ತ ತೆಗೆಯುವ ಮೊದಲ ದಿನ. ಅಲ್ಲಿಯವರೆಗೆ ರಬ್ಬರ್ ಕೈಯ ಮೇಲೆ, ಆಮೇಲೆ ಒಬ್ಬರ ಕೈಯ ಮೇಲೆ ಇನ್ನೊಬ್ಬರು ಅಭ್ಯಾಸ ಮಾಡಿದ್ದರು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಪ್ರತಿಯೊಬ್ಬರ ಕಾರ್ಡು ನೋಡಿದ ಮೇಲೆಯೇ ಗ್ಲೌಸ್ ಕೊಟ್ಟಿದ್ದು. 0, 1 ಮತ್ತು 6ನೇ ತಿಂಗಳ ಮೂರು ಡೋಸ್ ಮುಗಿಯದವರನ್ನು ಕೌಂಟರಿಗೆ ಬಿಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು.

ಸೂಜಿ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸ ಹೆಸರು ಕೇಳುವುದು. ಅದಕ್ಕೊಂದು ಕ್ರಮವಿದೆ. "ನೀವು ಶಾಂತಮ್ಮ ಅಲ್ವಾ?" ಎಂದು ಕೇಳಿದರೆ ಗಾಬರಿಯಲ್ಲಿರುವವರು, ಕಿವಿ ಮಂದವಾದವರು ಎಲ್ಲದಕ್ಕೂ "ಹೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ ಅಮ್ಮ" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ವಯಸ್ಸು, ಊರು ಕೇಳಿ ಚೀಟಿಯ ನಂಬರಿಗೆ ತಾಳೆ ನೋಡಬೇಕು. ಒಂದೇ ಸಾಲಿನಲ್ಲಿ ಇಬ್ಬರು ಶಾಂತಮ್ಮ ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಟ್ಯೂಬಿಗೆ ಲೇಬಲ್ ಹಚ್ಚುವುದು ರಕ್ತ ತೆಗೆದ ಕೂಡಲೇ, ರೋಗಿ ಎದುರಿಗೆ ಕೂತಿರುವಾಗಲೇ. ಮೊದಲೇ ಲೇಬಲ್ ಹಚ್ಚಿ ಸಾಲಾಗಿ ಇಟ್ಟುಕೊಂಡ ಖಾಲಿ ಟ್ಯೂಬುಗಳಿಂದಲೇ ಅದಲುಬದಲು ಆಗುವುದು.

ರಬ್ಬರ್ ಪಟ್ಟಿಯನ್ನು ಮೊಣಕೈ ಮಡಿಕೆಗಿಂತ ಮೂರು ನಾಲ್ಕು ಬೆರಳು ಮೇಲೆ ಕಟ್ಟಬೇಕು, ಒಂದು ನಿಮಿಷದೊಳಗೆ ಬಿಚ್ಚಬೇಕು. ಹೊಸಬರು ನರ ಹುಡುಕುತ್ತಾ ಎರಡು ಮೂರು ನಿಮಿಷ ಕಟ್ಟಿಯೇ ಇಟ್ಟಿರುತ್ತಾರೆ. ಆಗ ನೀರಿನಂಶ ರಕ್ತನಾಳದಿಂದ ಹೊರಗೆ ಜಿನುಗಿ ಪ್ರೋಟೀನ್, ಕ್ಯಾಲ್ಸಿಯಂ ಸುಳ್ಳು ಏರಿಕೆ ತೋರಿಸುತ್ತವೆ. "ಮುಷ್ಟಿ ಕಟ್ಟಿ" ಎನ್ನಬಹುದು, "ಕಟ್ಟಿ, ಬಿಡಿ, ಕಟ್ಟಿ, ಬಿಡಿ" ಎಂದು ಕೈ ಆಡಿಸಬಾರದು. ಮಾಂಸಖಂಡ ದುಡಿದಾಗ ಪೊಟ್ಯಾಸಿಯಂ ಏರುತ್ತದೆ. 70 ಶೇಕಡ ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡಬೇಕು. ಒದ್ದೆ ಇರುವಾಗಲೇ ಚುಚ್ಚಿದರೆ ರೋಗಿಗೆ ಉರಿ, ಜೊತೆಗೆ ಕೆಂಪು ಕಣಗಳು ಒಡೆಯುವ ಭಯ. ಡ್ರಿಪ್ ಹಾಕಿರುವ ಕೈಯಿಂದ ತೆಗೆಯಲೇಬಾರದು. ಗ್ಲೂಕೋಸ್ ಹೋಗುತ್ತಿರುವ ಕೈಯಿಂದ ತೆಗೆದ ರಕ್ತದಲ್ಲಿ ಸಕ್ಕರೆ ಆಕಾಶಕ್ಕೇರಿ, ಸೋಡಿಯಂ ಮತ್ತು ಹಿಮೋಗ್ಲೋಬಿನ್ ಇಳಿದುಬಿಟ್ಟಿರುತ್ತವೆ.

ಟ್ಯೂಬು ತುಂಬುವ ಕ್ರಮವನ್ನು ಬಾಯಿಪಾಠ ಮಾಡಿಸುತ್ತೇವೆ: ಮೊದಲು ತಿಳಿನೀಲಿ ಮುಚ್ಚಳದ, ಹೆಪ್ಪು ತಡೆಯುವ ಸಿಟ್ರೇಟ್ ಇರುವ ಟ್ಯೂಬು, ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ಹಸಿರು, ನಂತರ ನೇರಳೆ, ಕೊನೆಗೆ ಬೂದು. ಕಾರಣ ತಿಳಿಯದೆ ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎ ಎಂಬ ಆಮ್ಲದ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದರ ಒಂದು ಹನಿ ಕೆಂಪು ಟ್ಯೂಬಿಗೆ ಬಿದ್ದರೂ ಪೊಟ್ಯಾಸಿಯಂ ಹೆಚ್ಚಾಗಿ, ಕ್ಯಾಲ್ಸಿಯಂ ಕಡಿಮೆಯಾಗಿ ಬರುತ್ತದೆ. ಕೆಂಪು ಟ್ಯೂಬಿಗೆ ರಕ್ತ ಸಾಲದಾದಾಗ ನೇರಳೆಯಿಂದ ಸ್ವಲ್ಪ ಸುರಿದು ಸರಿದೂಗಿಸುವುದು ಹೊಸಬರು ಮಾಡುವ ತಪ್ಪುಗಳಲ್ಲೇ ಅಪಾಯದ್ದು. ನಡೆದುಕೊಂಡು ಬಂದು ಮಾತಾಡುತ್ತಾ ಕೂತವರ ಪೊಟ್ಯಾಸಿಯಂ ಜೀವಕ್ಕೇ ಅಪಾಯವಾಗುವಷ್ಟು, 9 ಎಂದು, ಕ್ಯಾಲ್ಸಿಯಂ ತೀರಾ ಕೆಳಗೆ ಎಂದು ಒಟ್ಟಿಗೇ ಬಂದರೆ ಮೊದಲ ಅನುಮಾನ ಟ್ಯೂಬಿನ ಮೇಲೆಯೇ.

ಸಿಟ್ರೇಟ್ ಟ್ಯೂಬಿಗೆ ಗೆರೆಯವರೆಗೆ ರಕ್ತ ಬೇಕೇ ಬೇಕು: 0.3 ಮಿಲಿ ಸಿಟ್ರೇಟಿಗೆ 2.7 ಮಿಲಿ ರಕ್ತ. ಕಡಿಮೆಯಾದರೆ ಸಿಟ್ರೇಟ್ ಹೆಚ್ಚಾಗಿ, ರಕ್ತ ಹೆಪ್ಪುಗಟ್ಟುವ ಸಮಯ ಸುಳ್ಳೇ ಉದ್ದವಾಗಿ ಬರುತ್ತದೆ. ಬೂದು ಟ್ಯೂಬಿನ ಫ್ಲೋರೈಡ್, ರಕ್ತಕಣಗಳು ಸಕ್ಕರೆ ತಿಂದು ಖಾಲಿ ಮಾಡದಂತೆ ತಡೆಯಲು. ಅದಿಲ್ಲದೆ ಸಾಮಾನ್ಯ ಟ್ಯೂಬಿನಲ್ಲಿ ಸೀರಂ (ರಕ್ತದ ತಿಳಿ) ಬೇರ್ಪಡಿಸದೆ ಇಟ್ಟರೆ ಗಂಟೆಗೆ 5ರಿಂದ 7 ಶೇಕಡ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಹಳ್ಳಿಯ ಶಿಬಿರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಲ್ಯಾಬಿಗೆ ಬಂದರೆ ಇದು ಸಣ್ಣ ವ್ಯತ್ಯಾಸವಲ್ಲ.

ಅಂದು ಒಂಬತ್ತು ಗಂಟೆಯ ಹೊತ್ತಿಗೆ ಜ್ವರ ಬಂದು ನಾಲ್ಕು ದಿನವಾಗಿದ್ದ ಒಬ್ಬ ಹೆಂಗಸಿನ ಸರದಿ. ಕೈ ತಣ್ಣಗಿತ್ತು, ನರ ಸಣ್ಣದು. ಟ್ರೈನಿ ಹುಡುಗಿ 23 ಗೇಜಿನ ನೀಲಿ ಸೂಜಿಯಲ್ಲಿ ನಿಧಾನವಾಗಿ 2 ಮಿಲಿ ತೆಗೆದಳು. ಸೂಜಿಯನ್ನು ಕಟರಿಗೆ ಕೊಟ್ಟು, ನೇರಳೆ ಟ್ಯೂಬಿನ ಒಳಗೋಡೆಗುಂಟ ರಕ್ತ ಇಳಿಸಿದಳು. ಅಷ್ಟೂ ಸರಿ. ಅಷ್ಟರಲ್ಲಿ ಹೆಂಗಸಿಗೆ ತಲೆಸುತ್ತು ಬಂತು. ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅವರನ್ನು ಮಲಗಿಸಿ, ಕಾಲು ಎತ್ತರಿಸಿ, ನೀರು ಕೊಟ್ಟಳು. ರೋಗಿಯ ವಿಷಯದಲ್ಲಿ ಅವಳು ಮಾಡಿದ್ದು ಸರಿಯೇ. ಆದರೆ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡುವುದು ಉಳಿದುಹೋಯಿತು. ಅಲುಗಾಡಿಸುವುದೆಂದರೆ ಜೋರಾಗಿ ಕುಲುಕುವುದಲ್ಲ, ಕುಲುಕಿದರೆ ಕಣಗಳು ಒಡೆಯುತ್ತವೆ. ಟ್ಯೂಬನ್ನು ತಲೆಕೆಳಗು ಮಾಡಿ, ಗಾಳಿಗುಳ್ಳೆ ತುದಿಯಿಂದ ತುದಿಗೆ ಓಡುವವರೆಗೆ ಕಾದು, ಮತ್ತೆ ನೇರ ಮಾಡಿದರೆ ಅದು ಒಂದು ಸಲ.

ಹತ್ತೂವರೆಗೆ ರಕ್ತಕಣ ಎಣಿಸುವ ಯಂತ್ರ, ಸೆಲ್ ಕೌಂಟರ್, ಆ ಸ್ಯಾಂಪಲಿಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ) 38,000 ಎಂದು ಕೊಟ್ಟಿತು. ಡೆಂಗಿ ಕಾಲ. ಜ್ವರದ ನಾಲ್ಕನೇ ದಿನ. ಯಾರಾದರೂ ನಂಬುವಂಥ ಸಂಖ್ಯೆ. ಟ್ರೈನಿಗಳು ರಿಪೋರ್ಟ್ ಬರೆಯಲು ಕೂತೇಬಿಟ್ಟಿದ್ದರು. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗೆ ಬಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡದೆ ಸಹಿ ಹಾಕುವಂತಿಲ್ಲ ಎಂಬುದು ನಮ್ಮ ನಿಯಮ. ಹಾಗಾಗಿ ಸ್ಲೈಡ್ ಎಳೆಯುವ ಪಾಠ ಅಂದೇ ಶುರುವಾಯಿತು.

ಸ್ಲೈಡಿನ ಒಂದು ತುದಿಯಿಂದ ಸುಮಾರು 1 ಸೆಂಮೀ ಒಳಗೆ ಬೆಂಕಿಕಡ್ಡಿಯ ತಲೆಯಷ್ಟು ರಕ್ತದ ಹನಿ ಇಡಬೇಕು. ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ವಾರೆಯಾಗಿ ಹಿಡಿದು ಹಿಂದಕ್ಕೆ ತಂದು ಹನಿಗೆ ಮುಟ್ಟಿಸಬೇಕು. ರಕ್ತ ಅಂಚಿನುದ್ದಕ್ಕೂ ಹರಡಿದ ತಕ್ಷಣ, ಒತ್ತದೆ, ನಡುವೆ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಮುಂದಕ್ಕೆ ತಳ್ಳಬೇಕು. ತಲೆ ದಪ್ಪ, ಮೈ ತೆಳು, ತುದಿಯಲ್ಲಿ ಗರಿಯಂಥ ಬಾಲ: ಹೀಗೆ ಬಂದರೆ ಸ್ಲೈಡ್ ಸರಿಯಾಗಿದೆ. ಮಧ್ಯೆ ಅಡ್ಡ ಪಟ್ಟೆಗಳು ಬಂದರೆ ಕೈ ತಡೆದಿದೆ ಎಂದರ್ಥ. ತೂತುತೂತಾದರೆ ಸ್ಲೈಡಿನಲ್ಲಿ ಜಿಡ್ಡಿದೆ. ಬಾಲವೇ ಇಲ್ಲದೆ ಗೋಡೆಯಂತೆ ನಿಂತರೆ ಹನಿ ದೊಡ್ಡದಾಗಿದೆ. ರಕ್ತಹೀನತೆ ಇರುವವರ ತೆಳು ರಕ್ತಕ್ಕೆ ಸ್ಲೈಡನ್ನು ಸ್ವಲ್ಪ ನೆಟ್ಟಗೆ ಹಿಡಿದು ಬೇಗ ತಳ್ಳಬೇಕು. ದಪ್ಪ ರಕ್ತಕ್ಕೆ ಬಗ್ಗಿಸಿ, ನಿಧಾನವಾಗಿ. ಐವತ್ತು ಸ್ಲೈಡ್ ಹಾಳಾಗುವವರೆಗೆ ಯಾರಿಗೂ ಈ ಕೈ ಕೂರುವುದಿಲ್ಲ, ಅದಕ್ಕೆ ಬೇಸರಪಡಬೇಕಿಲ್ಲ.

ಮಳೆಗಾಲದಲ್ಲಿ ನಮಗೆ ಇನ್ನೊಂದು ತೊಡಕು. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಸ್ಲೈಡ್ ನಿಧಾನವಾಗಿ ಒಣಗುತ್ತದೆ, ಆ ಹೊತ್ತಿನಲ್ಲಿ ಕೆಂಪು ಕಣಗಳು ಸೊಟ್ಟಗಾಗಿ ಅಂಚು ಮುಳ್ಳುಮುಳ್ಳಾಗುತ್ತದೆ. ಎಳೆದ ಕೂಡಲೇ ಫ್ಯಾನಿನ ಕೆಳಗೆ ಕೈಯಲ್ಲಿ ಬೀಸಿ ಒಣಗಿಸಬೇಕು. ಕಣಗಳಿಗೆ ಬಣ್ಣ ಕೊಡುವ ಲೀಶ್‌ಮನ್ ಸ್ಟೇನಿನ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದರಲ್ಲಿರುವ ಮಿಥನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಅಂಥ ಸ್ಟೇನಿನಲ್ಲಿ ಕೆಂಪು ಕಣಗಳ ಒಳಗೆ ಹೊಳೆಯುವ ಕುಳಿ ಕಾಣಿಸುತ್ತದೆ. ಕಲಿಯುವವರು ಅದನ್ನು ಯಾವುದೋ ಪರಾವಲಂಬಿ ಜೀವಿಯೆಂದು ತಿಳಿದದ್ದೂ ಉಂಟು.

ಸ್ಟೇನ್ ಮಾಡುವ ಕ್ರಮ ಸುಲಭ: ಒಣಗಿದ ಸ್ಲೈಡಿನ ಮೇಲೆ ಪೂರ್ತಿ ಮುಚ್ಚುವಷ್ಟು ಸ್ಟೇನ್, 2 ನಿಮಿಷ; ಅದರ ಮೇಲೆ ಎರಡರಷ್ಟು ಬಫರ್ ನೀರು, ಪಿಎಚ್ 6.8, ಹತ್ತು ನಿಮಿಷ ಬಿಟ್ಟು ತೊಳೆಯುವುದು. ತೊಳೆಯುವಾಗ ಮೊದಲು ಸ್ಟೇನನ್ನು ಬಗ್ಗಿಸಿ ಚೆಲ್ಲಬಾರದು. ಚೆಲ್ಲಿದರೆ ಮೇಲಿನ ಕೆನೆ ಸ್ಲೈಡಿಗೆ ಅಂಟಿ ಕಪ್ಪು ಚುಕ್ಕೆಯಾಗುತ್ತದೆ. ನೀರು ಹಾಯಿಸಿ ತೇಲಿಸಿಕೊಂಡು ಹೋಗುವಂತೆ ತೊಳೆಯಬೇಕು. ಬಫರ್ ಬದಲು ನಲ್ಲಿಯ ನೀರು ಹಾಕಿದರೆ, ಆ ನೀರು ಕ್ಷಾರೀಯವಾಗಿದ್ದರೆ, ಎಲ್ಲವೂ ನೀಲಿಗೆ ತಿರುಗಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳ ಕಿತ್ತಳೆ ಬಣ್ಣವೇ ಗುರುತು ಸಿಗುವುದಿಲ್ಲ.

ಆ ಹೆಂಗಸಿನ ಸ್ಲೈಡ್ ಸಿದ್ಧವಾದಾಗ ಟ್ರೈನಿಗಳೆಲ್ಲ ಎಣ್ಣೆ ಹಾಕಿ 100ರ ಲೆನ್ಸಿನಲ್ಲಿ ನಡುಭಾಗಕ್ಕೇ ಕೈ ಹಾಕಿದರು. ಅಲ್ಲಿ ಪ್ಲೇಟ್‌ಲೆಟ್ ವಿರಳ, ಯಂತ್ರ ಹೇಳಿದ್ದೇ ಸರಿ ಎಂದುಕೊಂಡರು. ಆದರೆ ಮೊದಲು ನೋಡಬೇಕಾದದ್ದು 10ರ ಲೆನ್ಸಿನಲ್ಲಿ, ಬಾಲವನ್ನು. ತಳ್ಳುವಾಗ ದೊಡ್ಡದೆಲ್ಲ ಬಾಲಕ್ಕೂ ಅಂಚಿಗೂ ಸರಿದು ಸೇರುತ್ತದೆ. ಬಾಲಕ್ಕೆ ಸರಿಸಿ ನೋಡಿದರೆ ನೇರಳೆ ಬಣ್ಣದ ಗೊಂಚಲುಗಳು, ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಪ್ಲೇಟ್‌ಲೆಟ್, ಅಲ್ಲಲ್ಲಿ ಹೆಪ್ಪಿನ ಎಳೆಯಾದ ಫೈಬ್ರಿನ್ ನೂಲು. ಗೊಂಚಲನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಗಾತ್ರ ದೊಡ್ಡದಾದ್ದರಿಂದ ಕೆಲವನ್ನು ಬಿಳಿ ಕಣದ ಲೆಕ್ಕಕ್ಕೂ ಸೇರಿಸಿಬಿಡಬಹುದು. ಟ್ಯೂಬಿನೊಳಗೆ ಕಡ್ಡಿ ಆಡಿಸಿದಾಗ ತುದಿಗೆ ಸಣ್ಣ ಹೆಪ್ಪು ಅಂಟಿಕೊಂಡು ಬಂತು.

ಗೊಂಚಲಿಗೆ ಎರಡು ಕಾರಣ ಇರಬಹುದು. ಒಂದು, ಸರಿಯಾಗಿ ಬೆರೆಯದೆ ಹೆಪ್ಪುಗಟ್ಟಲು ಶುರುವಾಗಿರುವುದು. ಇನ್ನೊಂದು, ಕೆಲವರ ರಕ್ತ ಟ್ಯೂಬಿನ ಇಡಿಟಿಎ ಜೊತೆ ಸೇರಿದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು. ಬೇರೆ ಮಾಡಿ ನೋಡಲು ಮತ್ತೊಮ್ಮೆ ರಕ್ತ ತೆಗೆದು ಒಂದು ನೇರಳೆ, ಒಂದು ತಿಳಿನೀಲಿ ಟ್ಯೂಬಿಗೆ ಹಾಕಿ, ಎರಡನ್ನೂ ಕೂಡಲೇ ಯಂತ್ರದಲ್ಲಿ ಓಡಿಸಬೇಕು. ಸಿಟ್ರೇಟಿನಲ್ಲಿ ಹತ್ತರಲ್ಲಿ ಒಂದು ಪಾಲು ದ್ರವ ಸೇರಿರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಹೆಂಗಸು ಇನ್ನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. "ಅಮ್ಮ, ಇನ್ನೊಂದು ಸಲ ಸ್ವಲ್ಪ ರಕ್ತ ಬೇಕಿತ್ತು, ಮೊದಲನೆಯದು ನಮ್ಮ ಕೈಯಲ್ಲಿ ಹೆಪ್ಪುಗಟ್ಟಿತು" ಎಂದು ಇದ್ದದ್ದನ್ನು ಹೇಳಿಯೇ ಕೇಳಿದ್ದು. ಅದೇ ಹುಡುಗಿಯ ಕೈಯಿಂದಲೇ ತೆಗೆಸಿದೆವು. ಈ ಸಲ ಬಿಸಿನೀರಿನ ಬಟ್ಟೆಯಿಂದ ಕೈ ಬೆಚ್ಚಗೆ ಮಾಡಿ, ಸಿಟ್ರೇಟ್ ಮೊದಲು ತುಂಬಿ, ಪ್ರತಿ ಟ್ಯೂಬನ್ನೂ ತುಂಬಿದ ಕೂಡಲೇ ಮೇಲೆ ಕೆಳಗೆ ಮಾಡಿದಳು. ನೇರಳೆಯಲ್ಲಿ 1,64,000. ಸಿಟ್ರೇಟಿನಲ್ಲಿ 1,50,000, ಗುಣಿಸಿದರೆ 1,65,000. ಎರಡೂ ಕೂಡಿಬಂದವು, ಬಾಲದಲ್ಲಿ ಗೊಂಚಲಿಲ್ಲ. ತಪ್ಪು ಬೆರೆಸುವುದರಲ್ಲೇ ಆಗಿತ್ತು.

38,000 ಎಂಬ ರಿಪೋರ್ಟ್ ಹೊರಗೆ ಹೋಗಿದ್ದರೆ ಆ ಹೆಂಗಸನ್ನು ವಾರ್ಡಿಗೆ ಸೇರಿಸುತ್ತಿದ್ದರು, ಮನೆಯವರು ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕಿ ಊರೂರು ಅಲೆಯುತ್ತಿದ್ದರು. ಇದನ್ನು ನಾವು ಟ್ರೈನಿಗಳಿಗೆ ಬಿಡಿಸಿ ಹೇಳುತ್ತೇವೆ, ಹೆದರಿಸಲಿಕ್ಕಲ್ಲ. ಟ್ಯೂಬಿನ ಹಿಂದೆ ಒಂದು ಮನೆಯಿದೆ ಎಂದು ಗೊತ್ತಿದ್ದವರ ಕೈ ತಾನಾಗಿಯೇ ನಿಧಾನವಾಗುತ್ತದೆ. ಹಾಗೆಂದು ಕಡಿಮೆ ಬಂದದ್ದೆಲ್ಲ ಸುಳ್ಳೂ ಅಲ್ಲ. ನಮ್ಮ ಜಿಲ್ಲೆಗಳಲ್ಲಿ ಬೇಸಿಗೆಯ ಹೊತ್ತಿಗೆ ಕಾಡಿಗೆ ಹೋಗಿಬಂದವರಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ಕಣ ಎರಡೂ ನಿಜವಾಗಿಯೇ ಇಳಿದಿದ್ದರೆ ಮಂಗನ ಕಾಯಿಲೆಯ ನೆನಪಾಗಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಅದು. ಅಂಥ ಸ್ಯಾಂಪಲನ್ನು ಮೂರು ಪದರದ ಪ್ಯಾಕಿಂಗ್ ಮಾಡಿ, ಆ ಪರೀಕ್ಷೆಗೆ ಸಜ್ಜಾದ ಲ್ಯಾಬಿಗೆ ಕಳಿಸಬೇಕು.

ಮಧ್ಯಾಹ್ನ ಬಿಳಿ ಕಣಗಳನ್ನು ಕೈಯಲ್ಲಿ ಎಣಿಸುವ ಪಾಠ. ಯಂತ್ರ ಇರುವಾಗ ಇದೇಕೆ ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ದಿನ ಉತ್ತರ ಸಿಗುತ್ತದೆ. 0.38 ಮಿಲಿ ಟರ್ಕ್ ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ, ಅಂದರೆ ಇಪ್ಪತ್ತರಲ್ಲಿ ಒಂದು. ದ್ರಾವಣದ ಅಸಿಟಿಕ್ ಆಮ್ಲ ಕೆಂಪು ಕಣಗಳನ್ನು ಕರಗಿಸುತ್ತದೆ. ಪಿಪೆಟ್ ಟಿಪ್ಪಿನ ಹೊರಮೈಗೆ ಅಂಟಿದ ರಕ್ತವನ್ನು ಒರೆಸದಿದ್ದರೆ ಎಣಿಕೆ ಹೆಚ್ಚಾಗುತ್ತದೆ. ಒರೆಸುವಾಗ ಟಿಪ್ಪಿನ ಬಾಯಿಗೆ ಹತ್ತಿ ಮುಟ್ಟಿದರೆ ಒಳಗಿನ ರಕ್ತವನ್ನೇ ಹೀರಿ ಕಡಿಮೆಯಾಗುತ್ತದೆ. ಎಣಿಸಲು ಚೌಕಗಳನ್ನು ಕೊರೆದ ಗಾಜಿನ ನ್ಯೂಬಾರ್ ಚೇಂಬರಿನ ಮೇಲೆ ಅದರದೇ ದಪ್ಪ ಕವರ್‌ಗ್ಲಾಸ್ ಒತ್ತಿ ಕೂರಿಸಿದಾಗ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಾಣಬೇಕು, ಆಗ ಮಾತ್ರ ಆಳ 0.1 ಮಿಮೀ ಸರಿಯಾಗಿರುತ್ತದೆ. ದ್ರಾವಣ ಪಕ್ಕದ ಕಾಲುವೆಗೆ ಹರಿದರೆ ತೊಳೆದು ಮತ್ತೆ ಮೊದಲಿಂದ. ಎರಡು ಮೂರು ನಿಮಿಷ ಕಣಗಳು ತಳಕ್ಕೆ ಕೂರಲು ಬಿಟ್ಟು, ನಾಲ್ಕು ಮೂಲೆಯ ಚೌಕಗಳಲ್ಲಿ ಎಣಿಸಿ, 50ರಿಂದ ಗುಣಿಸಬೇಕು. 140 ಬಂದರೆ 7,000. ಎರಡು ಬದಿಯ ಗೆರೆ ಮೇಲಿನ ಕಣ ಸೇರಿಸಿ, ಉಳಿದೆರಡು ಬದಿಯದು ಬಿಡಬೇಕು. ಇಲ್ಲದಿದ್ದರೆ ಒಂದೇ ಕಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಸಂಜೆ ಕಸ ಬೇರ್ಪಡಿಸುವುದೂ ಟ್ರೈನಿಗಳದೇ ಕೆಲಸ. ಸೂಜಿ ಬಿಳಿ ಗಟ್ಟಿ ಡಬ್ಬಿಗೆ, ಗ್ಲೌಸ್ ಮತ್ತು ಸಿರಿಂಜ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು. ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಬೇಕು, ಗಾಯವನ್ನು ಹಿಂಡಬಾರದು, ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು. ಎಚ್‌ಐವಿ ತಡೆಯ ಮಾತ್ರೆಯನ್ನು ಸಾಧ್ಯವಾದಷ್ಟು ಬೇಗ ಶುರುಮಾಡಬೇಕು, 72 ಗಂಟೆ ಮೀರುವಂತಿಲ್ಲ.

ಐದು ಗಂಟೆಗೆ ಎಲ್ಲರೂ ಹೊರಟರೂ ಬೆಳಗಿನ ಹುಡುಗಿ ಉಳಿದಳು. ಗೊಂಚಲಿದ್ದ ಸ್ಲೈಡನ್ನು ಮತ್ತೊಮ್ಮೆ 10ರ ಲೆನ್ಸಿನ ಕೆಳಗಿಟ್ಟು ಬಾಲದಿಂದ ಶುರುಮಾಡಿದಳು. ಆಮೇಲೆ ಅದರ ಮೇಲಿನ ಎಣ್ಣೆ ಒರೆಸಿ, ತಾರೀಖು ಮತ್ತು "ಬೆರೆಸಿಲ್ಲ" ಎಂದು ಬರೆದು, ಕಲಿಯುವವರಿಗೆಂದೇ ಇಟ್ಟಿರುವ ಮರದ ಸ್ಲೈಡ್ ಪೆಟ್ಟಿಗೆಯಲ್ಲಿ ಸೇರಿಸಿದಳು.