ನಮ್ಮದೇ ಲೆಕ್ಕ ಹಾಕಿ ನೋಡಿದ ದಿನ

ಬಜೆಟ್ ಮೀಟಿಂಗಿಗೆ ಅರ್ಧ ಗಂಟೆ ಇತ್ತು. ಆಗ ಗೊತ್ತಾಯಿತು, ಒಂದೇ ಬಜೆಟ್‌ಗೆ ನಮ್ಮಲ್ಲಿ ಮೂರು ಫೈಲ್‌ಗಳಿವೆ, ಮೂರರಲ್ಲೂ ಸಂಬಳದ ಮೊತ್ತ ಬೇರೆ ಬೇರೆ. ಯಾರೋ ಒಂದು ಸಾಲು ಸೇರಿಸಿದ್ದರು. ಕೆಳಗಿನ ಫಾರ್ಮುಲಾ ಆ ಸಾಲನ್ನು ಕೂಡಿಸಿಕೊಂಡಿರಲಿಲ್ಲ. ಪ್ಲಾನಿಂಗ್ ಸಾಫ್ಟ್‌ವೇರ್ ಹುಡುಕೋಣ ಎಂದು ಹೊರಟಿದ್ದು ಅದಾದ ಮೇಲೆ.

ಎಕ್ಸೆಲ್ ಬಗ್ಗೆ ನನಗೆ ಈಗಲೂ ಪ್ರೀತಿ ಇದೆ. ಒಂದೇ ಶೀಟ್‌ನಲ್ಲಿ 10,48,576 ಸಾಲು ಹಿಡಿಸುತ್ತದೆ, ಜಾಗ ನಮಗೆಂದೂ ಸಾಲದೆ ಹೋಗಿಲ್ಲ. ಆದರೆ ಆರು ಜನರ ನಡುವೆ ಮೇಲ್‌ನಲ್ಲಿ ಓಡಾಡುವ ಫೈಲ್‌ನಲ್ಲಿ ಯಾವ ಅಂಕಿ ಯಾರು ಬದಲಿಸಿದರು ಎಂದು ಹೇಗೆ ಹುಡುಕುವುದು?

ಎರಡು ಡೆಮೊ ನೋಡಿದೆವು. ಎರಡೂ ಚೆನ್ನಾಗಿದ್ದವು, ಅವರದೇ ಸ್ಯಾಂಪಲ್ ಡೇಟಾ ಅಲ್ವಾ! ಆಗ ಲೆಡ್ಜರ್ ನೋಡಿಕೊಳ್ಳುವ ನಮ್ಮ ಸಹೋದ್ಯೋಗಿ ಹೇಳಿದರು: "ಸರ್, ನಮ್ಮ ಡೇಟಾನೇ ಕೊಟ್ಟು ನೋಡೋಣ. ಕೀಬೋರ್ಡ್ ಮುಂದೆ ನಾನೇ ಕೂರ್ತೀನಿ."

12 ತಿಂಗಳ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ಕೊಟ್ಟೆವು. ಆ ವರ್ಷದ ನಡುವೆ ನಮ್ಮ ಎರಡು ಕಾಸ್ಟ್ ಸೆಂಟರ್‌ಗಳು (ತಮ್ಮದೇ ಕೋಡ್‌ನಲ್ಲಿ ಖರ್ಚಿನ ಲೆಕ್ಕ ಇಡುವ ವಿಭಾಗಗಳು) ಒಂದಾಗಿದ್ದವು. ಬೇಕೆಂದೇ ಆ ವರ್ಷವನ್ನು ಆರಿಸಿದ್ದೆವು. ಮೊದಲ ಸಾಫ್ಟ್‌ವೇರ್‌ನಲ್ಲಿ ಎರಡನ್ನು ಸೇರಿಸಿದ ಕೂಡಲೇ ಹಿಂದಿನ ತಿಂಗಳುಗಳ ಖರ್ಚೂ ಹೊಸ ಕೋಡ್‌ಗೆ ಹೋಯಿತು, ಮಂಜೂರಾದ ಬಜೆಟ್ ಮಾತ್ರ ಹಳೆಯ ಕೋಡ್‌ನಲ್ಲೇ ಉಳಿಯಿತು. ಒಂದು ಕಡೆ ಬರೀ ಖರ್ಚು, ಇನ್ನೊಂದು ಕಡೆ ಬರೀ ಬಜೆಟ್. ಹೋಲಿಸುವುದು ಯಾವುದನ್ನು? ಸರಿಪಡಿಸಲು ಅವರ ಕನ್ಸಲ್ಟೆಂಟೇ ಬರಬೇಕಂತೆ. ವರ್ಷಕ್ಕೊಮ್ಮೆಯಾದರೂ ವಿಭಾಗಗಳು ಬದಲಾಗುವ ಕಡೆ ಇದು ನಡೆಯುವ ಮಾತಲ್ಲ.

ಎರಡನೆಯದರಲ್ಲಿ ಬದಲಾವಣೆಗೆ ಜಾರಿಯ ತಾರೀಕು ಹಾಕಲು ಬಂತು. ಹಳೆಯ ರಚನೆ, ಹೊಸ ರಚನೆ ಎರಡರಲ್ಲೂ ವರದಿ ಸಿಕ್ಕಿತು. ನಮ್ಮ ಸಹೋದ್ಯೋಗಿ ಸುಮ್ನೆ ಬಿಡಲಿಲ್ಲ. ಅದರಲ್ಲಿ ಐದು ಜನರ ನೇಮಕವನ್ನು ಎರಡು ತಿಂಗಳು ಮುಂದಕ್ಕೆ ಹಾಕಿ ನೋಡಿದರು. ಸಂಬಳ, ಲ್ಯಾಪ್‌ಟಾಪ್ ಖರ್ಚು, ನಗದು ಹರಿವು ಎಲ್ಲವೂ ತಾವಾಗಿ ಬದಲಾದವು. ಒಂದು ಅಂಕಿಯ ಮೇಲೆ ಒತ್ತಿದರೆ ವೋಚರ್‌ವರೆಗೂ ಇಳಿಯಬಹುದಿತ್ತು. ಅದರ ಚಾರ್ಟುಗಳು ಅಷ್ಟೇನೂ ಅಂದವಾಗಿರಲಿಲ್ಲ. ನನಗದು ಬೇಕಾಗಿಯೂ ಇರಲಿಲ್ಲ.

ಅದನ್ನೇ ತೆಗೆದುಕೊಂಡೆವು. ಕೋಡ್‌ಗಳನ್ನು ಹೊಂದಿಸುವ ಕೆಲಸ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಆ ಮೂರು ಫೈಲ್‌ಗಳನ್ನು ಇನ್ನೂ ಅಳಿಸಿಲ್ಲ. ಯಾವ ಅಂಕಿ ಏಕೆ ಹಾಗಿದೆ ಎಂಬ ಟಿಪ್ಪಣಿಗಳು ಅವುಗಳಲ್ಲಿವೆ. ಆ ಸಹೋದ್ಯೋಗಿಯೇ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅವನ್ನು ಹೊಸದಕ್ಕೆ ಸಾಗಿಸುತ್ತಿದ್ದಾರೆ.